ನಾನು ಮೈನರ್ ಆದ ಪ್ರಸಂಗ

ವಡೋದರದ ಹತ್ತಿರ ಕೊಯಾಲಿಯ ರಿಫೈನರಿಯಲ್ಲಿ ನಾನು ಪರ್ಮಿಟ್ ಕೊಡುವ ಅಧಿಕಾರಿ. ನನ್ನ ಸಹಿ ಇಲ್ಲದೆ ಅಲ್ಲಿ ಯಾವ ವೆಲ್ಡರನೂ ಒಂದು ಕಿಡಿ ಹಾರಿಸುವಂತಿಲ್ಲ. (ಮನೆಯಲ್ಲಿ ಕಿಡಿ ಹಾರಿಸಲು ಹೆಂಡತಿ ಪದ್ಮಾವತಿಗೆ ಯಾರ ಸಹಿಯೂ ಬೇಕಿಲ್ಲ, ಅದು ಬೇರೆ ಮಾತು.) ಇಂಥ ನಾನು ಮಂಜಲ್‌ಪುರದ ನಮ್ಮ ಫ್ಲ್ಯಾಟಿನಲ್ಲಿ ಮೈನರ್ ಆಗಿಹೋದ ಕಥೆಯನ್ನು ನಿಮ್ಮಲ್ಲಲ್ಲದೆ ಇನ್ನಾರಲ್ಲಿ ತೋಡಿಕೊಳ್ಳಲಿ?

ಮೊದಲು ನಮ್ಮದು ಅವಿಭಕ್ತ ಅಕೌಂಟು. ಎರಡು ಫೋನು, ಒಂದು ಟ್ಯಾಬ್ಲೆಟ್, ಎಲ್ಲಕ್ಕೂ ಆ್ಯಪ್ ಸ್ಟೋರಿನಲ್ಲಿ ಇದ್ದದ್ದು ಹಯವದನ ಎಂಬ ನನ್ನ ಹೆಸರೊಂದೇ. ನಾನು ಕೂದಲು ಬೆಳೆಸುವ ಆ್ಯಪ್ ಇಳಿಸಿಕೊಂಡರೆ ಮಗಳು ವಿಂಧ್ಯಾಳ ಗಣಿತದ ಪಾಠದ ಪಕ್ಕದಲ್ಲೂ ಅದು ಪ್ರತ್ಯಕ್ಷ. ಇದನ್ನೆಲ್ಲ ಪದ್ಮಾವತಿ ಸಹಿಸಿದಳು. ಸಹಿಸಲಾಗದ್ದು ನಡೆದದ್ದು ಕನ್ನಡ ಸಂಘದ ಯುಗಾದಿಯಂದು. ಟ್ಯಾಬ್ಲೆಟ್ಟಿನ ತಂಬೂರಿ ಆ್ಯಪ್ ಹಚ್ಚಿ, ಕಣ್ಣು ಮುಚ್ಚಿ, ಆಕೆ ಆಲಾಪ ತೆಗೆದಾಗ ಅದರೊಳಗಿನ ನನ್ನ ಕ್ರಿಕೆಟ್ ಆ್ಯಪ್ "ಔಟ್!" ಎಂದು ಕಿರುಚಿತು. ಪಾಪ, ಆಕೆ ಹಾಡು ನಿಲ್ಲಿಸಿ ವೇದಿಕೆಯಿಂದ ಇಳಿದೇಬಿಟ್ಟಳು. ಮನೆಗೆ ಬಂದು ಅತ್ತಳು. ನನಗೆ ನಿಜಕ್ಕೂ ಸಂಕಟವಾಯಿತು.

ಅಕ್ಟೋಬರಿನ ಕೊನೆಯ ವಾರ, "ರಾಜ್ಯೋತ್ಸವಕ್ಕೆ ಮತ್ತೆ ಹಾಡು ಅಂದಿದಾರೆ. ಅವತ್ತೂ ನಿಮ್ಮ ಹಾವಳಿ ಆದ್ರೆ ನಾನು ಜನ್ಮದಲ್ಲಿ ಹಾಡಲ್ಲ, ನೋಡಿ" ಎಂದಳು.

"ಅಕೌಂಟುಗಳನ್ನೇ ಬೇರೆ ಮಾಡಿಬಿಡೋಣ!" ಎಂದು ಘೋಷಿಸಿದೆ. ಆಸ್ತಿ ಭಾಗ ಕೂಡ ಇಷ್ಟು ಗದ್ದಲದಲ್ಲಿ ಆಗುವುದಿಲ್ಲ. ಟ್ಯಾಬ್ಲೆಟ್ ಹಿಡಿದು ಕೂತವಳು ವಿಂಧ್ಯಾ. ವಡೋದರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡದ ಎಣಿಕೆ ಇಪ್ಪತ್ತಕ್ಕೇ ಮುಗಿಯುತ್ತದೆ.

"ಪಪ್ಪಾ, ಫ್ಯಾಮಿಲಿಗೆ ಹೆಡ್ ಯಾರು?"

ನಾನಾಗ ಅಡುಗೆಮನೆಯ ಕಡೆ ತಿರುಗಿ, "ಬಾ! ಬಾ! ಪಾಸ್‌ವರ್ಡ್ ಹೇಳು ಬಾ!" ಎಂದು ಹೆಂಡತಿಯನ್ನು ಕೂಗುತ್ತಿದ್ದೆ.

"ಓಕೆ, ಬಾ" ಎಂದಳು ಮಗಳು. "ನೀವು ಹುಟ್ಟಿದ್ದು ಯಾವ ಇಯರ್?"

"ಎಪ್ಪತ್ತೆಂಟು."

"ನಿಮ್ಮ ಪಾಸ್‌ವರ್ಡೇ ನಿಮಗೆ ನೆನಪಿರಲ್ಲ, ನಂದು ಬೇರೆ ಬೇಕಾ?" ಎಂದು ಸೌಟು ಹಿಡಿದೇ ಪದ್ಮಾವತಿ ಬಂದಳು. ನಮ್ಮ ಜಗಳ ಕಾವೇರುವ ಹೊತ್ತಿಗೆ ಮಗಳು "ಥೈ ಗಯುಂ, ಎಲ್ಲಾ ಆಯ್ತು!" ಎಂದು ಎದ್ದುಹೋದಳು.

ರಾಜ್ಯೋತ್ಸವದ ದಿನ, ಈಗ ಪದ್ಮಾವತಿಯ ಅಕೌಂಟಿಗೆ ಸೇರಿದ ಟ್ಯಾಬ್ಲೆಟ್ಟಿನಲ್ಲಿ ತಂಬೂರಿ ನೆಮ್ಮದಿಯಾಗಿ ಮಿಡಿಯಿತು. ಕನ್ನಡ ಓದಲು ಬಾರದ ನಮ್ಮ ಮಕ್ಕಳಿಗಾಗಿ ಹಾಡಿನ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅದೇ ಟ್ಯಾಬ್ಲೆಟ್ಟಿನಿಂದ ಗೋಡೆಯ ಮೇಲೆ ಬಿಡುವುದು ನಮ್ಮ ಸಂಘದ ಪದ್ಧತಿ. ಪದ್ಮಾವತಿ ದೇವರನಾಮ ಎತ್ತಿಕೊಂಡಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ ನನಗೆ ಎದೆ ತುಂಬಿ ಬಂತು. ಆದರೆ ಅತ್ತ ಮ್ಯಾಚು ಕೊನೆಯ ಓವರಿಗೆ ಬಂದಿತ್ತಲ್ಲ! ಹೊಸ ಅಕೌಂಟಿನ ನನ್ನ ಫೋನು ಹೊಸ ಬಾಡಿಗೆ ಮನೆಯಂತೆ ಖಾಲಿ. ಹಿಂದಿನ ಸಾಲಿನಲ್ಲಿ ಕೂತು, ಸದ್ದಡಗಿಸಿ, ಸ್ಕೋರಿನ ಆ್ಯಪ್ ಇಳಿಸಿಕೊಳ್ಳಲು ಒತ್ತಿದೆ. "ಅನುಮತಿ ಕೇಳುವುದೇ?" ಎಂದಿತು. ಹಗಲಿಡೀ ಅನುಮತಿಗಳಲ್ಲೇ ಬದುಕುವ ನಾನು ಯೋಚಿಸದೆ "ಹೌದು" ಒತ್ತಿದೆ.

ಗೋಡೆಯ ಮೇಲೆ ಹಾಡಿನ ಸಾಲು ಮಾಯವಾಯಿತು. ಅಷ್ಟಗಲಕ್ಕೆ ಮೂಡಿತು: "ನಿಮ್ಮ ಮಗು ಹಯವದನ, ವಯಸ್ಸು ಏಳು, ಕ್ರಿಕೆಟ್ ಆ್ಯಪ್ ಕೇಳುತ್ತಿದೆ. ಕೊಡಬಹುದೇ?"

ಆಕೆ ಮತ್ತೆ ವೇದಿಕೆಯಿಂದ ಇಳಿದುಬಿಟ್ಟರೆ? ಪದ್ಮಾವತಿ ಕಣ್ಣು ಬಿಟ್ಟಳು. ಗೋಡೆ ನೋಡಿದಳು. ನನ್ನನ್ನು ನೋಡಿದಳು. ಬಲಗೈ ತಾಳ ತಪ್ಪಲಿಲ್ಲ. ಎಡಗೈ ಬೆರಳಿನಿಂದ "ಬೇಡ" ಒತ್ತಿ, ಚರಣದಲ್ಲಿ ಮುಂದುವರಿದಳು! ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಂಘದ ಅಧ್ಯಕ್ಷ ವೆಂಕಟಾಚಲ ನನ್ನ ಕಿವಿಯಲ್ಲಿ, "ಅಳಬೇಡ ಮರಿ, ಸ್ಕೋರ್ ನಾನ್ ಹೇಳ್ತೀನಿ" ಎಂದರು.

ದಾರಿಯಲ್ಲಿ ಮಗಳನ್ನು ವಿಚಾರಿಸಿದೆ.

"ನೀವೇ ಹದಿನೆಂಟು ಅಂದ್ರಿ ಅಲ್ವಾ? ಅದಕ್ಕೇ ಎರಡು ಸಾವಿರದ ಹದಿನೆಂಟು ಹಾಕ್ದೆ. ಹೆಡ್ ಯಾರು ಅಂದ್ರೆ ಬಾ, ಬಾ ಅಂದ್ರಿ. ಗುಜರಾತೀಲಿ ಬಾ ಅಂದ್ರೆ ಮಮ್ಮಿ."

ನಾನು ಪದ್ಮಾವತಿಗೆ ಕೈ ಮುಗಿದೆ. "ಹೆಡ್ ನೀನೇ ಇರು ಮಾರಾಯ್ತಿ. ನನ್ನ ವಯಸ್ಸೊಂದು ಸರಿಮಾಡಿಸು."

ಯುಗಾದಿಯಿಂದೀಚೆಗೆ ಆಕೆ ಅಷ್ಟು ಮನಸಾರೆ ನಕ್ಕದ್ದು ನಾನು ಕಂಡಿರಲಿಲ್ಲ.

"ಮಾಡ್ಸೋಣ ಪುಟ್ಟಾ" ಎಂದಳು. "ಮೊದ್ಲು ಹದಿನೆಂಟು ತುಂಬ್ಲಿ."

ಲೆಕ್ಕ ಹಾಕಿದೆ. ನಾನು ರಿಟೈರ್ ಆಗುವ ಎರಡು ವರ್ಷ ಮೊದಲು ಮೇಜರ್ ಆಗುತ್ತೇನೆ.