ಹೊಗಳಿಕೆಗೆ ಪುರಾವೆ

ಸಭೆ ಸಮಾರಂಭಗಳ ನಿರೂಪಕಿಗೆ ಗಂಡನ ಮೇಲಿದ್ದ ದೂರು ಒಂದೇ: ಆತ ಸುಳ್ಳು ಹೇಳುವುದಿಲ್ಲ. (ಇದೂ ಒಂದು ದೂರೇ ಎನ್ನುವವರು ಅಂಥವರನ್ನು ಜೊತೆಗೆ ಕರೆದುಕೊಂಡು ಒಮ್ಮೆ ನೆಂಟರ ಹೊಸ ಮನೆ ನೋಡಿ ಬರಬೇಕು.)

ಆಕೆಯ ಕೆಲಸ ಹೊಗಳುವುದು. ಸನ್ಮಾನ, ಬೀಳ್ಕೊಡುಗೆ, ಶಾಲೆಯ ವಾರ್ಷಿಕೋತ್ಸವ, ಅಂಗಡಿಯ ಉದ್ಘಾಟನೆ, ಎಲ್ಲಿ ಮೈಕು ಇದ್ದರೂ ಅದರ ಹಿಂದೆ ಆಕೆ ಇರುತ್ತಿದ್ದಳು. ಆಕೆ ಪರಿಚಯಿಸಿದ ಮೇಲೆ ಅತಿಥಿಯೇ ಬೆರಗಾಗಿ, ಇಷ್ಟು ದೊಡ್ಡವರು ಯಾರಪ್ಪಾ ಬಂದಿದ್ದಾರೆ ಎಂದು ಹಿಂದೆ ತಿರುಗಿ ನೋಡಿದ್ದುಂಟು.

ಗಂಡನ ಕೆಲಸ ಹೊಗಳಿಕೆಯನ್ನು ಹೊಡೆದುಹಾಕುವುದು. ಸರ್ಕಾರದ ಇಲಾಖೆಯೊಂದರಲ್ಲಿ, ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ, ಮೀನೆಣ್ಣೆ ಗುಳಿಗೆ ಮುಂತಾದ ಪೂರಕ ಆಹಾರಗಳ ಲೇಬಲ್ಲುಗಳು ಆತನ ಮೇಜಿಗೆ ಬರುತ್ತಿದ್ದವು. ಆತ ಭೂತಗನ್ನಡಿ ಹಿಡಿದು ಓದುತ್ತಿದ್ದ. 'ಪವಾಡ' ಎಂದಿದ್ದರೆ ಕೆಂಪು ಗೆರೆ. 'ಗುಣಪಡಿಸುತ್ತದೆ' ಎಂದಿದ್ದರೆ ಎರಡು ಕೆಂಪು ಗೆರೆ. 'ಸಹಕಾರಿ' ಎಂಬ ಸಾಧು ಪದಕ್ಕೂ ಪಕ್ಕದಲ್ಲಿ ಒಂದು ಷರಾ ಬೀಳುತ್ತಿತ್ತು: ಪುರಾವೆ ಏನು? ಆತನ ಸಹಿ ಬೀಳದೆ ಡಬ್ಬಿ ಅಂಗಡಿಯ ಕಪಾಟು ಹತ್ತುವಂತಿರಲಿಲ್ಲ. ದೊಡ್ಡ ಕಂಪನಿಯವರು ಸಿಹಿಯ ಡಬ್ಬ ಹಿಡಿದು ಬಂದರೆ ಆತ ಆ ಡಬ್ಬದ ಲೇಬಲ್ಲನ್ನೂ ಓದಿ, ತಪ್ಪು ತೋರಿಸಿ, ವಾಪಸ್ಸು ಕಳಿಸುತ್ತಿದ್ದ. ಇಲಾಖೆಯಲ್ಲಿ ಆತನ ಬಗ್ಗೆ ಭಯಕ್ಕಿಂತ ಹೆಚ್ಚಾಗಿ ಗೌರವವಿತ್ತು.

ಆದರೆ ಗೌರವ ಇಲಾಖೆಯಲ್ಲೇ ಉಳಿಯುತ್ತಿತ್ತು. ಭೂತಗನ್ನಡಿ ಮಾತ್ರ ಆತನ ಜೊತೆ ಮನೆಗೆ ಬರುತ್ತಿತ್ತು.

"ರೀ, ಅಡುಗೆ ಹೇಗಿದೆ?"

"ಚೆನ್ನಾಗಿದೆ. ಇವತ್ತಿನ ಮಟ್ಟಿಗೆ. ನನ್ನೊಬ್ಬನ ಅಭಿಪ್ರಾಯ."

"ಈ ಬಣ್ಣ ನನಗೆ ಒಪ್ಪುತ್ತಾ?"

"ಒಪ್ಪಲ್ಲ ಅನ್ನೋಕೆ ಪುರಾವೆ ಇಲ್ಲ."

ಊರಿಗೆಲ್ಲ ಬಿರುದು ಹಂಚುವ ಹೆಂಗಸು, ಮದುವೆಯ ಬೆಳ್ಳಿಹಬ್ಬ ಕಳೆದರೂ, ಸ್ವಂತ ಗಂಡನ ಬಾಯಿಂದ ಷರಾ ಇಲ್ಲದ ಒಂದು ಹೊಗಳಿಕೆಗಾಗಿ ಕಾಯುತ್ತಿದ್ದಳು.

ಹೀಗಿರುವಾಗ ಪಶುವೈದ್ಯೆಯಾದ ಮಗಳು ಒಂದು ಸಂಜೆ, ತಾನು ಒಬ್ಬನನ್ನು ಮೆಚ್ಚಿರುವುದಾಗಿ ಹೇಳಿದಳು. ಹುಡುಗ ಲಿಫ್ಟ್ ದುರಸ್ತಿಯ ಎಂಜಿನಿಯರ್. ಇವಳು ರೋಗಿಯ ಮನೆಗೆ ಹೊರಟವಳು ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾಗ (ರೋಗಿ ಒಂದು ಬೆಕ್ಕು), ಬಾಗಿಲು ತೆರೆದು ಹೊರಗೆಳೆದವನು ಅವನೇ. ತಂದೆ ಇಲ್ಲ. ತಾಯಿ ಭಾನುವಾರ ಮಾತಾಡಲು ಬರುತ್ತಾರೆ.

"ತಾಯಿ ಏನ್ಮಾಡ್ತಾರೆ?" ಎಂದಳು ನಿರೂಪಕಿ.

"ಅಂಗಡಿ ಇಟ್ಟಿದಾರೆ."

"ಏನಂಗಡಿ?"

ಮಗಳು ಅಪ್ಪನ ಕಡೆ ನೋಡಿ ದನಿ ತಗ್ಗಿಸಿದಳು. "ಶಕ್ತಿ ಮಾತ್ರೆ, ವಿಟಮಿನ್ನು, ಆ ಥರದ್ದು. ಮಂಡಿ ನೋವಿಗೆ ಅಂತ ಅವರೇ ಒಂದು ಪುಡಿನೂ ಮಾಡಿದಾರೆ. ಅದು ಇಲಾಖೇಲಿ ಸಿಕ್ಕಾಕೊಂಡಿದೆ. ಅಲ್ಲಿ ಯಾರೋ ಒಬ್ಬ ಗೂಬೆ ಕೂತಿದಾನಂತೆ, ಏನ್ ಕಳಿಸಿದ್ರೂ ವಾಪಸ್ ಹಾಕ್ತಾನಂತೆ."

ಪತ್ರಿಕೆಯ ಹಿಂದಿನಿಂದ ಗೂಬೆ ಮಾತಾಡಿತು. "'ಮುದುಕರೂ ಜಿಂಕೆಯಂತೆ ಜಿಗಿಯುವರು' ಅಂತ ಬರೆದಿದ್ರು. ಯಾವ ಮುದುಕರು ಜಿಗಿದರು, ಎಲ್ಲಿಂದ ಎಲ್ಲಿಗೆ ಅಂತ ಕೇಳಿದ್ದೆ. ಉತ್ತರ ಬರಲಿಲ್ಲ."

"ಅಪ್ಪಾ, ಅದು ನೀವೇ ಅಂತ ಅವರಿಗೆ ಗೊತ್ತಿಲ್ಲ. ಇವನಿಗೆ ಗೊತ್ತು, ಹೇಳೋ ಧೈರ್ಯ ಇಲ್ಲ." ಮಗಳ ಕಣ್ಣು ತುಂಬಿತ್ತು. "ಅವರು ಮನಸಾರೆ ಒಪ್ಪದಿದ್ರೆ ನಾವು ಮದುವೆ ಆಗಲ್ಲ ಅಂತ ಮಾತಾಡ್ಕೊಂಡಿದೀವಿ."

ನಿರೂಪಕಿ ಕಾರ್ಯಪ್ರವೃತ್ತಳಾದಳು. ಭಾನುವಾರ ಗಂಡನಿಗೆ ಗಂಟಲು ಕಟ್ಟಿರಬೇಕು ಎಂದಳು.

"ಕಟ್ಟಿಲ್ವಲ್ಲ."

"ಕಟ್ಟಿದೆ ಅಂತ ಹೇಳ್ರೀ!"

"ಗಂಟಲು ಕಟ್ಟಿದೆ ಅಂತ ಹೇಳೋಕೆ ಗಂಟಲು ಬೇಕಲ್ಲ."

ಬೇರೆ ಹೆಂಗಸಾಗಿದ್ದರೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆಕೆ ಕುಳಿತು ಯೋಚಿಸಿದಳು. ಸುಳ್ಳು ಹೇಳದವನ ಬಾಯಿ ಮುಚ್ಚಿಸಲು ಸತ್ಯವೇ ಬೇಕು.

"ಬಾಯಿ ತುಂಬ ತಿಂಡಿ ಇದ್ದಾಗ ಮಾತಾಡಬಾರದು. ಹೌದೋ ಅಲ್ವೋ?"

ಆತ ಪರಿಶೀಲಿಸಿದ. "ಹೌದು. ಸಭ್ಯತೆ."

"ಹಾಗಾದ್ರೆ ಅವರು ಇರೋಷ್ಟು ಹೊತ್ತೂ ಬಿಸ್ಕತ್ ತಿಂತಿರಿ. ಒಂದು ಮುಗಿದ್ರೆ ಇನ್ನೊಂದು. ನಾನು ತಟ್ಟೆ ತಳ್ಳಿದಾಗ ಎರಡು."

ಇದರಲ್ಲಿ ಆತನಿಗೆ ಯಾವ ನಿಯಮಭಂಗವೂ ಕಾಣಲಿಲ್ಲ. ಮಗಳು ಅಮ್ಮನನ್ನು ಅಪ್ಪಿಕೊಂಡಳು.

ಭಾನುವಾರ ಅಂಗಡಿಯಮ್ಮ ಬಂದರು. ದೊಡ್ಡ ಮೈ, ಚುರುಕು ಕಣ್ಣು, ಮೆಟ್ಟಿಲ ಕೆಳಗಿನಿಂದಲೇ ಮೇಲಿನ ಮನೆಗೆ ಕೇಳುವ ದನಿ. ಹಿಂದೆ ಮಗ. ಅವನು ಒಳಗೆ ಬಂದವನು ಬಾಗಿಲನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ, ಅದರ ಕಿರುಗುಟ್ಟುವಿಕೆಯನ್ನು ವೈದ್ಯರು ಕೆಮ್ಮು ಕೇಳುವಂತೆ ಕೇಳಿ, ಆಮೇಲೆ ನಮಸ್ಕಾರ ಹೇಳಿದ. ಗಂಡ ಮೊದಲ ಬಿಸ್ಕತ್ತನ್ನು ಬಾಯಿಗಿಟ್ಟು ಎರಡೂ ಕೈ ಜೋಡಿಸಿದ.

ನಿರೂಪಕಿ ಮಗಳನ್ನು ಪರಿಚಯಿಸಿದಳು. ಮೈಕು ಇರಲಿಲ್ಲ ಎಂಬುದೊಂದೇ ಕೊರತೆ. "ಮೂಕಪ್ರಾಣಿಗಳ ಆಪದ್ಬಾಂಧವಿ! ಕರುಣೆಯೇ ಮೈವೆತ್ತ ಮಗಳು! ತಾಳ್ಮೆಯಲ್ಲಿ ಭೂಮಿತೂಕ! ಜೀವನದಲ್ಲಿ ಒಮ್ಮೆಯೂ ಏರಿದ ದನಿಯಲ್ಲಿ ಮಾತಾಡಿದವಳಲ್ಲ!"

ಗಂಡನ ದವಡೆ ನಿಂತಿತು. ತಟ್ಟೆ ಸರಕ್ಕನೆ ಮುಂದೆ ಬಂತು. ಆತ ಎರಡು ತೆಗೆದುಕೊಂಡ.

ಅಂಗಡಿಯಮ್ಮನೂ ಬಿಟ್ಟುಕೊಡುವವರಲ್ಲ. "ನನ್ನ ಮಗನೂ ಅಷ್ಟೇ ಕಣ್ರೀ. ಅವನು ಮುಟ್ಟಿದ ಲಿಫ್ಟು ಇನ್ನೊಂದು ಸಲ ಕೆಡಲ್ಲ. ಬೆಣ್ಣೆಯಂಥ ಮನಸ್ಸು!" ಆಮೇಲೆ, ಬಿಸ್ಕತ್ತು ತಿನ್ನುವುದನ್ನೇ ವ್ರತ ಮಾಡಿಕೊಂಡಂತಿದ್ದ ಹುಡುಗಿಯ ತಂದೆಯ ಕಡೆ ನೋಡಿ, "ಯಜಮಾನರು ಜಾಸ್ತಿ ಮಾತಾಡಲ್ಲ ಅಂತ ಕಾಣುತ್ತೆ" ಎಂದರು.

"ಮಿತಭಾಷಿ" ಎಂದಳು ನಿರೂಪಕಿ ಅವಸರದಿಂದ. "ನಿಮ್ಮ ಅಂಗಡಿ ಹೇಗೆ ನಡೀತಿದೆ?"

ಕೇಳಬಾರದಿತ್ತು. ಮಾತು ಬೇರೆ ಕಡೆ ತಿರುಗಲಿ ಎಂಬ ಆತುರದಲ್ಲಿ, ತಿರುಗಬಾರದ ಕಡೆಗೇ ಆಕೆ ಬಾಗಿಲು ತೆರೆದಿದ್ದಳು.

"ಏನ್ ಹೇಳ್ಲಿ? ನಮ್ಮ ಬೀದೀಲಿ ಒಬ್ಬ ಕಾವಲುಗಾರ ಇದಾನೆ. ನೆಲಮಾಳಿಗೇಲಿ ಕಾರು ಕಾಯ್ತಾನೆ, ಬಿಸಿಲೇ ಕಂಡಿಲ್ಲ. ಡಾಕ್ಟ್ರು ವಿಟಮಿನ್ ಡಿ ತಗೋ ಅಂದಿದಾರೆ. ಎರಡು ಬಸ್ಸು ಹತ್ತಿ ದೂರದ ಅಂಗಡಿಗೆ ಹೋಗಿ ಎರಡರಷ್ಟು ಬೆಲೆ ಕೊಟ್ಟು ತರ್ತಾನೆ. ನನ್ನ ಹತ್ರ ಇರೋ ಅಗ್ಗದ್ದು ಇಲಾಖೇಲಿ ಸಹಿಗೆ ಸಾಲು ನಿಂತಿದೆ. ಬಸುರಿ ಹೆಂಗಸ್ರು ಕಬ್ಬಿಣದ ಮಾತ್ರೆ ಕೇಳ್ತಾರೆ. ಅದೂ ಸಾಲಲ್ಲಿ! ಮೂರು ದಿನಕ್ಕೆ ಮೈಕಟ್ಟು ಬರುತ್ತೆ ಅಂತ ಸುಳ್ಳು ಬರೆದಿರೋ ಡಬ್ಬಿ ಮುಂದೆ, ಪಾಪದ ಕಬ್ಬಿಣದ ಮಾತ್ರೆ ಹಿಂದೆ. ಸುಳ್ಳು ಬರೆಯೋರನ್ನ ಹಿಡೀಲಿ, ನಾನೇ ಹಿಡಿದುಕೊಡ್ತೀನಿ. ಸಾಚಾ ಮಾಲು ಯಾಕ್ರೀ ಕಾಯಬೇಕು?"

ಗಂಡ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಆ ಮುಖವನ್ನು ಹೆಂಡತಿ ಬಲ್ಲಳು. ಒಳ್ಳೆಯ ಲೇಬಲ್ ಓದುವಾಗಿನ ಮುಖ ಅದು. ಆಕೆ ತಟ್ಟೆಯತ್ತ ಕೈ ಚಾಚಿದಳು.

"ಎಲ್ಲಾ ಆ ಗೂಬೆಯಿಂದ! ಮುಖ ನೋಡಿಲ್ಲ, ಬರೀ ಷರಾ ನೋಡಿದೀನಿ. 'ಪುರಾವೆ ಏನು? ಪುರಾವೆ ಏನು?' ಹೆಂಡ್ತಿ ಬದುಕಿದೀನಿ ಅಂದ್ರೂ ಪುರಾವೆ ಕೇಳೋ ಆಸಾಮಿ!"

ನಿರೂಪಕಿಯ ಕೈಗೆ ಸಿಕ್ಕಿದ್ದು ಬರಿಯ ತಟ್ಟೆ. ಮಗಳು ಕಣ್ಣು ಮುಚ್ಚಿಕೊಂಡಳು. ಗಂಡ ನುಂಗಿದ, ನೀರು ಕುಡಿದ, ಮೀಸೆಯ ಮೇಲಿನ ಪುಡಿ ಒರೆಸಿಕೊಂಡ.

"ಆ ಗೂಬೆ ನಾನೇ, ತಾಯಿ."

ಅಂಗಡಿಯಮ್ಮ ಎದ್ದು ನಿಂತರು. ಸೋಫಾ ಕೂಡ ನಿಟ್ಟುಸಿರು ಬಿಟ್ಟಿತು. "ನೀವಾ? ನನ್ನ ಜಿಂಕೆ ಹೊಡೆದೋರು ನೀವಾ?"

"ಹೌದು."

"ಅದು ಸುಮ್ನೆ ಹೊಗಳಿಕೆ ಸಾರ್! ಯಾವ ಮುದುಕ ನಿಜವಾಗ್ಲೂ ಜಿಗಿಯೋಕೆ ಹೋಗ್ತಾನೆ? ಜನಕ್ಕೆ ಅಷ್ಟು ಗೊತ್ತಾಗಲ್ವಾ?"

"ನೂರು ಜನಕ್ಕೆ ಗೊತ್ತಾಗುತ್ತೆ. ಗೊತ್ತಾಗದವನು ಒಬ್ಬ ಇರ್ತಾನೆ. ಡಬ್ಬಿ ನಂಬಿ ಡಾಕ್ಟ್ರು ಕೊಟ್ಟ ಮಾತ್ರೆ ಬಿಡ್ತಾನೆ. ನಾನು ಅಲ್ಲಿ ಕೂತಿರೋದು ಆ ಒಬ್ಬನಿಗೋಸ್ಕರ."

ಅಂಗಡಿಯಮ್ಮ ನಿಧಾನವಾಗಿ ಕುಳಿತುಕೊಂಡರು.

"ನಮ್ಮ ಬೀದಿ ದರ್ಜಿ" ಎಂದರು, ದನಿ ಮೊದಲ ಸಲ ಆ ಕೋಣೆಗೆ ಬೇಕಾದಷ್ಟೇ ಆಗಿತ್ತು. "'ಸಕ್ಕರೆ ಕಾಯಿಲೆಗೆ ವಿದಾಯ' ಅಂತ ಬರೆದಿರೋ ಬಾಟಲಿ ಎಲ್ಲಿಂದಲೋ ತರಿಸಿಕೊಂಡು, ಇದ್ದ ಮಾತ್ರೆ ಬಿಟ್ಟುಬಿಟ್ಟ. ಸೂಜಿಗೆ ದಾರ ಪೋಣಿಸೋಕೆ ಆಗದಷ್ಟು ಕಣ್ಣು ಮಂಜಾಯ್ತು. ನಾನೇ ಬೈದು ಆಸ್ಪತ್ರೆಗೆ ಎಳ್ಕೊಂಡು ಹೋದೆ."

"ನೀವು ಮಾಡಿದ್ದು ನಮ್ಮ ಇಲಾಖೆಯ ಕೆಲಸ" ಎಂದ ಗಂಡ. "ಮತ್ತೆ ನೀವು ಸಾಲಿನ ವಿಷಯ ಹೇಳಿದ್ರಲ್ಲ. ಅದು ಸರಿ. ಸಾಚಾ ಕಬ್ಬಿಣದ ಮಾತ್ರೆ ಸುಳ್ಳಿನ ಹಿಂದೆ ನಿಲ್ಲಬಾರದು. ನಿಮ್ಮ ದೂರಿಗೆ ಪುರಾವೆ ಇದೆ."

ಮಗಳು ಕಣ್ಣು ತೆರೆದಳು. ಹುಟ್ಟಿದಾಗಿನಿಂದ ಅವಳು ಈ ಮಾತು ಕೇಳಿರಲಿಲ್ಲ.

"ಸಾದಾ ಮಾಲಿಗೆ ಬೇರೆ ಸಾಲು ಮಾಡಿ ಅಂತ ನಾಳೆ ಮೇಲಿನವರ ಹತ್ರ ಮಾತಾಡ್ತೀನಿ. ಒಪ್ತಾರೆ ಅಂತ ಮಾತ್ರ ಹೇಳಲಾರೆ."

"ನನ್ನ ಮಂಡಿ ಪುಡಿ?"

"ನಾವು ಬೀಗರಾಗೋದಾದ್ರೆ ಅದನ್ನ ನಾನು ಮುಟ್ಟೋ ಹಾಗಿಲ್ಲ. ಹತ್ತಿರದವರ ಕಡತ ನಾವು ನೋಡಬಾರದು, ನಿಯಮ. ಪಕ್ಕದ ಮೇಜಿಗೆ ಹೋಗುತ್ತೆ. ಅಲ್ಲಿ ಇರೋಳು ನನ್ನ ಕೈಕೆಳಗೆ ಕಲಿತವಳು. ನನಗಿಂತ ಬಿಗಿ."

"ಬೀಗರಾಗದಿದ್ರೆ?"

"ನಾನೇ ನೋಡ್ತೀನಿ. ಜಿಂಕೆ ತೆಗೆಯೋವರೆಗೂ ಬಿಡಲ್ಲ."

ಅಂಗಡಿಯಮ್ಮ ಆತನನ್ನೇ ದಿಟ್ಟಿಸಿದರು. ಆಮೇಲೆ ನಕ್ಕರು. ಕಿಟಕಿಯ ಗಾಜು ಅಲುಗುವಷ್ಟು ನಕ್ಕರು.

"ಅಂತೂ ಜಿಂಕೆಗೆ ಉಳಿಗಾಲ ಇಲ್ಲ! ಆಯ್ತು ಸಾರ್. ಹೊಗಳಿಕೆ ನಾನು ದಿನಾ ಮಾರ್ತೀನಿ, ಅದರ ಬೆಲೆ ನನಗೆ ಗೊತ್ತು. ನಿಮ್ಮ ಮಗಳ ಡಬ್ಬಿ ಮೇಲೆ ಎಚ್ಚರಿಕೆ ಏನು ಬರೀತೀರಿ, ಅದನ್ನ ಹೇಳಿ."

ನಿರೂಪಕಿ "ಅಯ್ಯೋ" ಎಂದಳು. ತಡವಾಗಿತ್ತು.

"ತಾಳ್ಮೆ ಇದೆ. ನಾಯಿ, ಬೆಕ್ಕು, ಹಸುವಿಗೆ ಮಾತ್ರ. ಮನುಷ್ಯರ ಮೇಲೆ ಪರೀಕ್ಷೆ ನಡೆದಿಲ್ಲ. ಬೆಳಗಿನ ಕಾಫಿಗೆ ಮುಂಚೆ ದೂರವಿಡಿ. ದನಿ ಏರುತ್ತೆ. ಆದ್ರೆ ನರಳ್ತಿರೋ ಪ್ರಾಣಿನ ಬಿಟ್ಟು ಇವಳು ಊಟಕ್ಕೆ ಎದ್ದದ್ದನ್ನ ನಾನು ನೋಡಿಲ್ಲ. ಅದಕ್ಕೆ ನಾನೇ ಸಾಕ್ಷಿ."

ಮಗಳ ಮೂಗು ಕೆಂಪಾಯಿತು.

"ನನ್ನ ಮಗನಿಗೂ ಬರ್ಕೊಳ್ಳಿ" ಎಂದರು ಅಂಗಡಿಯಮ್ಮ ಉತ್ಸಾಹದಿಂದ. "ಬೆಣ್ಣೆ ಮನಸ್ಸು ಅಂದೆನಲ್ಲ, ಅರ್ಧ ಸುಳ್ಳು. ಹಟಮಾರಿ. ಎಲ್ಲೋ ಲಿಫ್ಟು ನಿಂತಿದೆ ಅಂದ್ರೆ ಬಾಯಲ್ಲಿರೋ ತುತ್ತು ಬಿಟ್ಟು ಓಡ್ತಾನೆ. ಹೋದ ಮನೇಲೆಲ್ಲಾ ಏನಾದ್ರೂ ಬಿಚ್ತಾನೆ. ಈಗೆಲ್ಲಿ ಹೋದ?"

ಎಲ್ಲರೂ ತಿರುಗಿ ನೋಡಿದರು. ಭಾವೀ ಅಳಿಯ ಮುಂಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದ. (ಎಣ್ಣೆ ಎಲ್ಲಿಂದ ಬಂತೆಂದರೆ, ಅವನ ಜೇಬಿನಿಂದ.) ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

"ಪುರಾವೆ ಸಿಕ್ತು" ಎಂದ ಗಂಡ, ಮೆಚ್ಚಿಗೆಯಿಂದ.

"ಹಾಗಾದ್ರೆ ಆಯ್ತಲ್ಲ, ಬೀಗರೇ" ಎಂದರು ಅಂಗಡಿಯಮ್ಮ. ಆ ಒಂದು ಸಂಬೋಧನೆಯಲ್ಲಿ ಮದುವೆ ನಿಶ್ಚಯವಾಗಿಹೋಯಿತು. ನಿರೂಪಕಿ ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿದ್ದ ಮುಕ್ತಾಯದ ಮಾತು ಆಕೆಯ ಬಳಿಯೇ ಉಳಿಯಿತು.

ಹೊರಡುವಾಗ ಹೊಸ ಬೀಗಿತ್ತಿ ಹೊಸ್ತಿಲಲ್ಲಿ ನಿಂತರು. "ಎಲ್ಲರದ್ದೂ ಆಯ್ತು. ನಮ್ಮ ಬೀಗಿತ್ತಿ ಬಗ್ಗೆ ಏನೂ ಹೇಳಲೇ ಇಲ್ವಲ್ಲ?"

ನಿರೂಪಕಿ ತನಗರಿವಿಲ್ಲದೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು, ವೇದಿಕೆಯ ಮೇಲೆ ತನ್ನ ಸರದಿಗೆ ಕಾಯುವ ಅತಿಥಿಯಂತೆ. ಗಂಡ ಆಕೆಯನ್ನು ಬಹಳ ಹೊತ್ತು ನೋಡಿದ. ಭೂತಗನ್ನಡಿ ಇಲ್ಲದೆ.

"ಇವಳ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ."

"ಯಾಕೆ?"

"ಹೇಳಿದ್ನಲ್ಲ, ಹತ್ತಿರದವರ ಕಡತ ನೋಡಬಾರದು. ಇವಳ ವಿಷಯದಲ್ಲಿ ನನಗೆ ಮೊದಲಿಂದಲೂ ಪಕ್ಷಪಾತ."

ಅಂಗಡಿಯಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಬೀಗಿತ್ತಿಯ ಕೆನ್ನೆ ಹಿಂಡಿ, ಮೆಟ್ಟಿಲಿಳಿದು ಹೋದರು.

ನಿರೂಪಕಿ ನಿಂತಲ್ಲೇ ನಿಂತಿದ್ದಳು. ಊರವರಿಗೆಲ್ಲ ಹೊಗಳಿಕೆಯನ್ನು ಮೊಗೆಮೊಗೆದು ಕೊಡುವವಳಿಗೆ, ತನಗೆ ಸಿಕ್ಕಿದ್ದು ಹೊಗಳಿಕೆಯೋ ಷರಾವೋ ತಿಳಿಯಲಿಲ್ಲ. ಬಾಗಿಲು ಹಾಕಿಕೊಂಡು (ಸದ್ದೇ ಆಗಲಿಲ್ಲ) ಗಂಡನ ಎದುರಿಗೆ ಬಂದಳು.

"ರೀ, ಸರಿಯಾಗಿ ಹೇಳಿ. ಈಗ ನನ್ನ ಹೊಗಳಿದ್ರೋ, ಇಲ್ವೋ? ಒಂದೇ ಮಾತು."

ಆತ ಜೇಬಿಗೆ ಕೈ ಹಾಕಿದ. ಎರಡು ತೆಗೆದುಕೊಂಡಾಗ ಉಳಿಸಿದ್ದ ಒಂದು ಬಿಸ್ಕತ್ತು ಹೊರಬಂತು. ಅದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು, ಆಕೆಯನ್ನೇ ನೋಡುತ್ತ, ಸಭ್ಯತೆಯಿಂದ ನಿಧಾನವಾಗಿ ಅಗಿಯತೊಡಗಿದ.