ಏಳನೇ ನಂಬರಿನ ಧರ್ಮಸಂಕಟ

ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಹೆಂಡತಿ ಅವನ ಮೇಲೆ ಹೊರಿಸಿದ ಆರೋಪಗಳ ಪಟ್ಟಿ ಬಹಳ ಉದ್ದವಾಗಿತ್ತು. ಆದರೆ ಅದನ್ನೆಲ್ಲ ಒಟ್ಟಿಗೆ ಹಿಂಡಿದರೆ ತೊಟ್ಟಿಕ್ಕುತ್ತಿದ್ದದ್ದು ಒಂದೇ ಹನಿ: ಈ ಮನುಷ್ಯ ಒಂದು ತೀರ್ಮಾನ ಅಂತ ಮಾಡೋದಿಲ್ಲ.

"ಕಿಟಕಿ ತೆಗೀಲಾ, ಮುಚ್ಚಲಾ?" ಅಂತ ಅವಳು ಕೇಳಿದರೆ, "ತೆಗೆದರೆ ಗಾಳಿ ಬರುತ್ತೆ, ಮುಚ್ಚಿದರೆ ಸೊಳ್ಳೆ ಬರಲ್ಲ" ಅನ್ನುತ್ತಿದ್ದ. ಎರಡೂ ಸತ್ಯ. ಎರಡರಿಂದಲೂ ಮೂರು ಕಾಸಿನ ಪ್ರಯೋಜನವಿಲ್ಲ. ಧರ್ಮಸಂಕಟ ಅನ್ನೋ ಪದವನ್ನು ಆ ಮನೆಯಲ್ಲಿ ನ್ಯಾಯವಾಗಿ ಪಾಲು ಮಾಡಿಕೊಂಡಿದ್ದರು. ಧರ್ಮವೆಲ್ಲ ಪತ್ನಿಯದು, ಸಂಕಟವೆಲ್ಲ ಅವನದು.

ಅವನ ಕೆಲಸವೂ ಅಂಥದ್ದೇ. ಬಸ್ ನಿಲ್ದಾಣದ ಮೂಲೆಯಲ್ಲಿ 'ಕಳೆದುಹೋದ ಸಾಮಾನು' ಅಂತ ಬೋರ್ಡು ತಗುಲಿಸಿದ್ದ ಕೋಣೆಯ ಗುಮಾಸ್ತ. ಗೋಡೆಯುದ್ದಕ್ಕೂ ಮರದ ಗೂಡುಗಳು. ಅವುಗಳಲ್ಲಿ ಪ್ರಯಾಣಿಕರು ಮರೆತುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಜೊತೆ ಕಟ್ಟಿಸಿದ ಹಲ್ಲು. (ಹಲ್ಲು ಕಳೆದುಕೊಂಡವರು ಬಾಯಿಬಿಟ್ಟು ಕೇಳಲು ನಾಚಿಕೊಂಡರೋ ಏನೋ, ಆರು ವರ್ಷದಿಂದ ಅದು ಅಲ್ಲೇ ನಗುತ್ತಾ ಕೂತಿತ್ತು.) ಯಾರಾದರೂ ಬಂದು "ಇದು ನಂದು" ಅಂದರೆ ಸಾಕು, ಇವನ ಮುಖ ಅತ್ತಲೂ ಇತ್ತಲೂ ತೂಗಲು ಶುರುವಾಗುತ್ತಿತ್ತು. ಕೊಟ್ಟರೆ ಅನ್ಯಾಯವಾದೀತಾ? ಕೊಡದಿದ್ದರೆ ಪಾಪ ಬಂದೀತಾ? ಹಾಗಾಗಿ ನಿಲ್ದಾಣದವರೆಲ್ಲ ಅವನಿಗೆ 'ತಕ್ಕಡಿ' ಅಂತ ಹೆಸರಿಟ್ಟಿದ್ದರು.

ಒಂದು ದಿನ ಒಂದೇ ಕಪ್ಪು ಛತ್ರಿಗೆ ಇಬ್ಬರು ವಾರಸುದಾರರು ಬಂದರು. ಒಬ್ಬಾಕೆ ಆಸ್ಪತ್ರೆಯ ನರ್ಸು, ಇನ್ನೊಬ್ಬ ಗಡ್ಡದ ಆಸಾಮಿ. ತಕ್ಕಡಿ ಛತ್ರಿಯನ್ನು ಎದೆಗವಚಿಕೊಂಡು ಆಕೆಯನ್ನು ನೋಡಿದ, ಇವನನ್ನು ನೋಡಿದ, ಛತ್ರಿಯನ್ನೇ ನೋಡಿದ. ಹನ್ನೊಂದು ನಿಮಿಷ ಕಳೆಯಿತು. ಗಡ್ಡದವನು ಇದ್ದಕ್ಕಿದ್ದಂತೆ ಕೌಂಟರಿನ ಮೇಲೆ ಗುದ್ದಿ ಹೇಳಿದ: "ಛತ್ರಿ ಹಾಳಾಗಿ ಹೋಗ್ಲಿ, ಅದನ್ನ ಅವರಿಗೇ ಕೊಡಿ. ನನಗೆ ಈ ಮುಖ ಬೇಕು!"

ಅವನು ಟಿ.ವಿ. ಧಾರಾವಾಹಿಯ ನಿರ್ದೇಶಕ. ಧಾರಾವಾಹಿಯ ಹೆಸರು 'ಕೊನೆಗೊಬ್ಬ'. ಪಾಳುಬಿದ್ದ ಗಿರಣಿಯೊಂದರಲ್ಲಿ ಇಪ್ಪತ್ತು ಜನರನ್ನು ಕೂಡಿಹಾಕುತ್ತಾರೆ. ವಾರಕ್ಕೊಂದು ಸ್ಪರ್ಧೆ. ಸೋತವರು ಸಾಯುತ್ತಾರೆ, ಕೊನೆಗೆ ಉಳಿದವನೊಬ್ಬನೇ ಹೊರಗೆ ಬರುತ್ತಾನೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಪಾತ್ರಗಳಿಗೆ ಜನ ಸಿಕ್ಕಾಗಿತ್ತು. ಸಿಕ್ಕದಿದ್ದವನು ಏಳನೇ ನಂಬರಿನವನು: ಕೊಲ್ಲಲು ಮನಸ್ಸಿಲ್ಲದ, ಸಾಯಲೂ ಮನಸ್ಸಿಲ್ಲದ, ಆತ್ಮಸಾಕ್ಷಿಯನ್ನು ಹೊತ್ತು ಒದ್ದಾಡುವ ಸಾಧು ಪ್ರಾಣಿ.

"ನನಗೆ ನಟನೆ ಬರಲ್ಲ" ಅಂದ ತಕ್ಕಡಿ.

"ನಟಿಸಿದರೆ ಕೆಲಸದಿಂದ ತೆಗೀತೀನಿ" ಅಂದ ನಿರ್ದೇಶಕ.

ಹೀಗೆ ಹೆಂಡತಿ ಹದಿನಾಲ್ಕು ವರ್ಷ ಬೈದ ಗುಣವನ್ನೇ ಊರೆಲ್ಲ ಶನಿವಾರ ಸಂಜೆ ಬಾಯಿ ಬಿಟ್ಟುಕೊಂಡು ನೋಡತೊಡಗಿತು. ಮೊದಲ ದಿನದ ಚಿತ್ರೀಕರಣದಲ್ಲಿ ಮಾತ್ರ ಒಂದು ಎಡವಟ್ಟಾಯಿತು. ನೆಲಕ್ಕೆ ಕವುಚಿ ಮಲಗಿರಬೇಕಾದ ದೃಶ್ಯ. ಮೈಕಿನಲ್ಲಿ "ಏಳು!" ಅಂತ ಸ್ಪರ್ಧಿಯ ನಂಬರು ಕೂಗಿದ ಕೂಡಲೇ ಇವನು ದಡಕ್ಕನೆ ಎದ್ದು ನಿಂತ. ಪ್ರತಿದಿನ ಬೆಳಿಗ್ಗೆ ಹೆಂಡತಿ ಕೂಗಿ ಕೂಗಿ ಅಂಟಿಸಿದ್ದ ಅಭ್ಯಾಸ ಅದು!

ಹೆಂಡತಿ ರಾತ್ರೋರಾತ್ರಿ ಬದಲಾದಳು. "ನಮ್ಮವರು ಯೋಚನೆ ಮಾಡಿ ಮಾಡೋರು" ಅಂತ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಳು. ಗಂಡ ಕೊನೆಯವರೆಗೂ ಉಳಿಯಬೇಕು ಅನ್ನೋದು ಅವಳ ಹಟ. "ನೋಡು, ಯಾರನ್ನಾದರೂ ತಳ್ಳು, ಎಳಿ, ಏನಾದರೂ ಮಾಡು. ಆದರೆ ಸತ್ತುಗಿತ್ತು ಮನೆಗೆ ಬಂದೀಯ, ಹುಷಾರ್!"

ಕಷ್ಟ ಬಂದದ್ದು ಅತ್ತೆಯಿಂದ.

ಹೆಂಡತಿಯ ತಾಯಿ ಒಂಬತ್ತು ವರ್ಷದಿಂದ ಅವರ ಜೊತೆಯಲ್ಲೇ ಇದ್ದರು. ಟಿ.ವಿ. ಅಂದರೆ ಅವರ ಲೆಕ್ಕದಲ್ಲಿ ಒಂದು ಕಿಟಕಿ. ಅದರಲ್ಲಿ ಕಂಡದ್ದೆಲ್ಲ ಎಲ್ಲೋ ನಿಜವಾಗಿ ನಡೆಯುತ್ತಿದೆ ಅನ್ನೋದು ಅವರ ನಂಬಿಕೆ. ನಾಲ್ಕನೇ ಕಂತಿನಲ್ಲಿ ಒಂದು ಹಲಗೆಯ ಮೇಲೆ ಇಬ್ಬರು: ಏಳನೇ ನಂಬರು, ಮತ್ತು ಒಬ್ಬ ದರ್ಜಿ ಅಜ್ಜಿ. ಹಲಗೆ ಒಬ್ಬರ ಭಾರವನ್ನಷ್ಟೇ ತಡೆಯುತ್ತೆ. ತಕ್ಕಡಿ ನಾಲ್ಕು ನಿಮಿಷ ಅಜ್ಜಿಯ ಕೈ ಹಿಡಿದು ಬೆವರಿದ, ಒದ್ದಾಡಿದ, ಕೊನೆಗೆ ಬಿಟ್ಟುಬಿಟ್ಟ. ಊರೆಲ್ಲ "ಅಬ್ಬಾ, ಎಂಥ ಅಭಿನಯ!" ಅಂದಿತು. ಅತ್ತೆ ಎದ್ದು ಟಿ.ವಿ. ಆರಿಸಿ ಮಗಳ ಕಡೆ ತಿರುಗಿದರು.

"ಇವತ್ತಿನಿಂದ ಅವರ ಹತ್ರ ನನ್ನ ಮಾತು ಮುಗೀತು."

"ಅಮ್ಮಾ, ಅದು ನಾಟಕ!"

"ಕೈ ಬಿಟ್ಟದ್ದು ಅವರದೇ ಕೈ ತಾನೇ?"

ಅದು ನಾಟಕವೇ ಅಂತ ತಕ್ಕಡಿ ಸಾಕ್ಷ್ಯಾಧಾರ ಸಮೇತ ಸಾಬೀತು ಮಾಡಲು ಹೊರಟು, ಮರುದಿನ ದರ್ಜಿ ಅಜ್ಜಿಯ ಪಾತ್ರ ಮಾಡಿದ್ದ ನಟಿಯನ್ನೇ ಮನೆಗೆ ಕರೆತಂದ. ಅತ್ತೆ ಆಕೆಯನ್ನು ಬಾಗಿಲಲ್ಲೇ ತಬ್ಬಿಕೊಂಡು ಗೊಳೋ ಎಂದು ಅತ್ತರು. "ಅಯ್ಯೋ ತಾಯೀ, ಇವರ ಕೈಯಿಂದ ಹೇಗೆ ತಪ್ಪಿಸಿಕೊಂಡು ಬಂದ್ರಿ?" ಆಕೆ ಹೊರಡುವಾಗ ಕಿವಿಯಲ್ಲಿ ಉಸುರಿದರು: "ಹಿಂದಿನ ಬಾಗಿಲಿಂದ ಹೋಗಿಬಿಡಿ."

ಅಲ್ಲಿಗೆ ಅತ್ತೆಯ ಮೌನವ್ರತ ಗಟ್ಟಿಯಾಯಿತು. ಅತ್ಯವಶ್ಯವಾದ ವಿಷಯಗಳು ಗೋಡೆಯ ಮೂಲಕ ಬರುತ್ತಿದ್ದವು. "ಗೋಡೇ, ಅವರಿಗೆ ಹೇಳು, ಸೋಪು ಮುಗಿದಿದೆ."

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಲೇಬೇಕು. ತಕ್ಕಡಿಗೆ ಇದರಿಂದ ಬೇಜಾರಾಗಲಿಲ್ಲ. ಒಂಬತ್ತು ವರ್ಷ ಅತ್ತೆ ಅವನಿಗೆ ಹಲ್ಲುಜ್ಜುವುದರಿಂದ ಹಿಡಿದು ಹೊದಿಕೆ ಮಡಚುವವರೆಗೆ ಪ್ರತಿಯೊಂದಕ್ಕೂ ಉಪದೇಶ ಕೊಟ್ಟಿದ್ದರು. ಈಗ ಮೊದಲ ಬಾರಿಗೆ ಅವನು ದಿನಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಿದ. ಕೊನೆಯ ಪುಟದಲ್ಲಿ ಹವಾಮಾನ ವರದಿ ಇರುತ್ತೆ ಅಂತ ಅವನಿಗೆ ಗೊತ್ತೇ ಇರಲಿಲ್ಲ! ಇಷ್ಟು ಸುಖವಾಗಿರುವುದು ತಪ್ಪಲ್ಲವಾ ಅಂತಲೂ ಆಗಾಗ ಅನ್ನಿಸುತ್ತಿತ್ತು. ಅನ್ನಿಸಿದಾಗಲೆಲ್ಲ ಇನ್ನೊಂದು ಪುಟ ತಿರುವುತ್ತಿದ್ದ.

ಹೀಗಿರುವಾಗ ಹತ್ತನೇ ಕಂತು ಬಂತು. ಎರಡು ಹಗ್ಗಗಳ ತುದಿಯಲ್ಲಿ ಇಬ್ಬರು ತೂಗಾಡಬೇಕು. ಏಳನೇ ನಂಬರಿನ ಕೈಯಲ್ಲಿ ಚಾಕು. ಒಂದು ನಿಮಿಷದೊಳಗೆ ಒಂದು ಹಗ್ಗ ಕೊಯ್ಯದಿದ್ದರೆ ಇಬ್ಬರೂ ಸಾಯುತ್ತಾರೆ. ಎದುರಿಗೆ ತೂಗಾಡುವವನು ಹನ್ನೆರಡನೇ ನಂಬರು, ಕಥೆಯಲ್ಲಿ ಏಳನೆಯವನ ಪ್ರಾಣಸ್ನೇಹಿತ. ಆ ಪಾತ್ರ ಮಾಡುತ್ತಿದ್ದವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು.

ಯಾರ ಹಗ್ಗ ಕೊಯ್ಯಬೇಕು ಅಂತ ನಿರ್ದೇಶಕ ಬರೆದೇ ಇರಲಿಲ್ಲ. "ನೀನೇ ತೀರ್ಮಾನ ಮಾಡು. ಯಾರಿಗೂ ಹೇಳಬೇಡ, ನನಗೂ ಹೇಳಬೇಡ. ನನಗೆ ಬೇಕಿರೋದು ನಿಜವಾದ ತಳಮಳ. ಏನು ಮಾಡ್ತೀಯೋ ಅದೇ ಕಥೆ. ಎರಡನೇ ಸಲ ತೆಗೆಯೋದಿಲ್ಲ."

ಮನೆಯಲ್ಲಿ ವಿಷಯ ಗೊತ್ತಾದ ಕೂಡಲೇ ತುರ್ತು ಸಭೆ ಸೇರಿತು.

"ಇದರಲ್ಲಿ ಯೋಚಿಸೋಕೆ ಏನಿದೆ?" ಅಂದಳು ಹೆಂಡತಿ. "ಅವರದ್ದು ಕೊಯ್ದು ಮನೆಗೆ ಬಾ. ಇನ್ನು ಎರಡೇ ಕಂತು, ಆಮೇಲೆ ನೀನೇ ಕೊನೆಗೊಬ್ಬ."

"ಗೋಡೇ, ಅವರಿಗೆ ಹೇಳು" ಅಂದರು ಅತ್ತೆ. "ಸ್ನೇಹಿತನ ಹಗ್ಗಕ್ಕೆ ಚಾಕು ಹಾಕಿದರೆ ನಾನು ಈ ಮನೇಲಿ ಇರೋಳಲ್ಲ. ದೊಡ್ಡ ಮಗ ಬಾ ಬಾ ಅಂತ ಕರೀತಾನೇ ಇದ್ದಾನೆ. ಹೋದರೆ ಹೋದೆ. ತಿರುಗಿ ಬರಲ್ಲ."

ಅತ್ತ ದರಿ, ಇತ್ತ ಹುಲಿ ಅಂತ ಕೇಳಿದ್ದೀರಿ. ತಕ್ಕಡಿಯ ಜೀವನದಲ್ಲಿ ಮೊದಲ ಬಾರಿಗೆ ಅತ್ತ ಹೂವಿನ ತೋಟ, ಇತ್ತಲೂ ಹೂವಿನ ತೋಟ! ಮೇಷ್ಟ್ರ ಹಗ್ಗ ಕೊಯ್ದರೆ ಹೆಂಡತಿ ಒಲಿಯುತ್ತಾಳೆ, ಅತ್ತೆ ತೊಲಗುತ್ತಾರೆ. ಇದರಲ್ಲಿ ಸಂಕಟ ಎಲ್ಲಿದೆ ಅಂತ ಹುಡುಕಿದ. ಸಿಗಲಿಲ್ಲ.

ಸಿಕ್ಕಿದ್ದು ಮರುದಿನ, ಚಿತ್ರೀಕರಣಕ್ಕೆ ಅರ್ಧ ಗಂಟೆ ಮುಂಚೆ. ಇಬ್ಬರಿಗೂ ಸೊಂಟಕ್ಕೆ ಪಟ್ಟಿ ಬಿಗಿದು ಕೂರಿಸಿದ್ದರು. ಮೇಷ್ಟ್ರು ಕಾಫಿ ಲೋಟ ಹಿಡಿದು ಮಾತಿಗೆ ಕೂತರು.

"ಮೂವತ್ತೊಂದು ವರ್ಷ ಸೀಟಿ ಊದಿದೆ ಕಣಯ್ಯಾ. ಶಾಲೆ ಗೇಟು ದಾಟಿದ ಮೇಲೆ ಒಂದು ಮಗೂನೂ ನನಗೆ ನಮಸ್ಕಾರ ಹೇಳಲಿಲ್ಲ. ಎದುರು ಬಂದರೆ ಓಣಿ ಬದಲಾಯಿಸೋವು. ಈಗ ಕ್ಷೌರದ ಅಂಗಡೀಲಿ ಎದ್ದು ಜಾಗ ಬಿಡ್ತಾರೆ. 'ಹನ್ನೆರಡನೇ ನಂಬರು ಬಂದ್ರು' ಅಂತಾರೆ." ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ಇರ್ಲಿ. ನೀನು ನಂದೇ ಕೊಯ್ದರೂ ನನಗೇನೂ ಬೇಜಾರಿಲ್ಲ. ಎರಡು ತಿಂಗಳು ಚೆನ್ನಾಗಿತ್ತು."

ಅಷ್ಟು ಹೇಳಿ, ಪಟ್ಟಿಯ ಬಿಗಿತಕ್ಕೆ ತಕ್ಕಡಿಗೆ ಬಗ್ಗಲಾಗುತ್ತಿಲ್ಲ ಅಂತ ಕಂಡು, ತಾವೇ ಮಂಡಿಯೂರಿ ಅವನ ಬಿಚ್ಚಿದ ಬೂಟಿನ ದಾರ ಕಟ್ಟಿದರು.

ಅರವತ್ತೈದು ವರ್ಷದ ಮನುಷ್ಯ ಕಾಲ ಬಳಿ ಕೂತು ದಾರ ಕಟ್ಟುವಾಗ ಅವರ ನೆತ್ತಿಯ ಮೇಲಿನ ನಾಲ್ಕು ಕೂದಲು ನೋಡುತ್ತಾ ಕೂರುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ.

ಇಬ್ಬರನ್ನೂ ಹಗ್ಗ ಕಟ್ಟಿ ಮೇಲಕ್ಕೆಳೆದರು. ಹತ್ತು ಅಡಿ ಕೆಳಗೆ ಹಾಸಿಗೆ ರಾಶಿ. ಎರಡೂ ಹಗ್ಗಗಳು ರಾಟೆಗಳ ಮೇಲೆ ಹಾದು, ಒಂದರ ಮೇಲೊಂದು ಹೆಣೆದುಕೊಂಡು, ತಕ್ಕಡಿಯ ಮುಖದ ಮುಂದೆಯೇ ಹೋಗುತ್ತಿದ್ದವು. ಯಾವುದು ಯಾರದು ಅಂತ ನೋಡಿದರೆ ತಿಳಿಯುವಂತಿರಲಿಲ್ಲ. ನಿರ್ದೇಶಕ ಕೆಳಗೆ ಎದುರಿಗೆ ನಿಂತು ಕೈ ಎತ್ತಿ ಕೂಗಿದ: "ಬಲಗಡೇದು ಮೇಷ್ಟ್ರದು, ಎಡಗಡೇದು ನಿಂದು. ನೆನಪಿಟ್ಕೋ. ಶುರು!"

ಗಂಟೆ ಹೊಡೆಯಿತು. ತಕ್ಕಡಿ ಮೇಷ್ಟ್ರನ್ನು ನೋಡಿದ. ಕ್ಷೌರದ ಅಂಗಡಿ ನೆನಪಾಯಿತು. ದಿನಪತ್ರಿಕೆಯ ಕೊನೆಯ ಪುಟ ನೆನಪಾಯಿತು. ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ಹತ್ತಿರ ಬಂತು. ಐವತ್ತು ಸೆಕೆಂಡು ಆಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಗ, ಹುಟ್ಟಿದಾರಭ್ಯ ಮೊದಲ ಬಾರಿಗೆ, ಅವನು ಒಂದು ತೀರ್ಮಾನ ಮಾಡಿದ. ಮನಸ್ಸು ಗಟ್ಟಿ ಮಾಡಿಕೊಂಡು, "ಕ್ಷಮಿಸಿ ಮೇಷ್ಟ್ರೇ" ಅಂದು, ಬಲಗಡೆಯ ಹಗ್ಗ ಕೊಯ್ದ.

ಕೊಯ್ದು ನೋಡುತ್ತಾನೆ, ಮೇಷ್ಟ್ರು ಕೆಳಕ್ಕೆ ಹೋಗುತ್ತಿಲ್ಲ. ಮೇಲಕ್ಕೆ ಹೋಗುತ್ತಿದ್ದಾರೆ! ಇದೇನು ಪವಾಡ ಅಂದುಕೊಳ್ಳುವಷ್ಟರಲ್ಲಿ ಹಾಸಿಗೆ ರಾಶಿ ಬಂದು ಬೆನ್ನಿಗೆ ಬಡಿಯಿತು. ನಿರ್ದೇಶಕ ಹೇಳಿದ್ದು ಎದುರಿಗೆ ನಿಂತ ತನ್ನ ಬಲಗಡೆ. ಇವನು ಕೊಯ್ದದ್ದು ತೂಗಾಡುತ್ತಿದ್ದ ತನ್ನ ಬಲಗಡೆ. ಏಳು ಬಿತ್ತು. ಬಿದ್ದ ಏಳು ಏಳಲಿಲ್ಲ.

ಗಿರಣಿಯಲ್ಲಿ ಮೊದಲು ಬಿಕ್ಕಿದ್ದು ದೀಪ ಹಿಡಿದವನು. ಮೇಷ್ಟ್ರನ್ನು ಇಳಿಸಿದ ಕೂಡಲೇ ಅವರು ಓಡಿಬಂದು ಇವನನ್ನು ಎಬ್ಬಿಸಿ, ನೆಟ್ಟಗೆ ನಿಂತು, ಹಿಮ್ಮಡಿ ಸೇರಿಸಿ ಸೆಲ್ಯೂಟ್ ಹೊಡೆದರು. ಅವರ ಗಲ್ಲ ಒದ್ದೆಯಾಗಿತ್ತು. "ಕ್ಷಮೆ ಬೇರೆ ಕೇಳಿದೆಯಲ್ಲಯ್ಯಾ, ಒಂಟಿ ಮಾಡಿ ಹೋಗ್ತಿದ್ದೀನಿ ಅಂತ!"

"ತ... ತಪ್... ಹಗ್ಗ..." ಅಂದ ತಕ್ಕಡಿ. ಉಸಿರು ಇನ್ನೂ ಪೂರ್ತಿ ಮರಳಿರಲಿಲ್ಲ.

"ಏನೂ ಹೇಳಬೇಡ" ಅಂದ ನಿರ್ದೇಶಕ, ಕಣ್ಣೊರೆಸಿಕೊಳ್ಳುತ್ತಾ. "ಮಾತಾಡಿದರೆ ಹಾಳಾಗುತ್ತೆ."

ಶನಿವಾರ ಸಂಜೆ ಊರು ಅತ್ತಿತು. ಬಸ್ ಕಂಡಕ್ಟರುಗಳು ಸಾಲಾಗಿ ಬಂದು 'ಕಳೆದುಹೋದ ಸಾಮಾನು' ಕೋಣೆಯ ಮುಂದೆ ಟೋಪಿ ತೆಗೆದು ಹೋದರು. ಹೆಂಡತಿ ಮಾತ್ರ ಪಾತ್ರೆಗಳ ಮೂಲಕ ಅಭಿಪ್ರಾಯ ತಿಳಿಸಿದಳು. "ಯಾರೋ ಮೇಷ್ಟ್ರಿಗೆ ಪ್ರಾಣ ಕೊಡೋಕೆ ಬರುತ್ತೆ. ನನಗೆ ಒಂದು ಬಲ್ಬು ಬದಲಾಯಿಸಿ ಕೊಡೋಕೆ ಬರಲ್ಲ!"

ಅತ್ತೆಯ ಮೌನ ಅಣೆಕಟ್ಟು ಒಡೆದ ಹಾಗೆ ಒಡೆಯಿತು. ಆರು ವಾರ ಕಟ್ಟಿಟ್ಟಿದ್ದ ಉಪದೇಶವೆಲ್ಲ ಒಟ್ಟಿಗೆ ಹರಿದು ಬಂತು. "ಅಳಿಯಂದ್ರೇ, ಊಟ ನಿಧಾನ. ಅಳಿಯಂದ್ರೇ, ಬೆನ್ನಿಗೆ ದಿಂಬು. ಪರರಿಗಾಗಿ ಅಳಿಯೋನೇ ಅಳಿಯ, ಇವತ್ತು ಅರ್ಥ ಆಯ್ತು ನನಗೆ!"

ಒಂದೇ ಒಂದು ಸಮಾಧಾನವಿತ್ತು. ಅಳಿಯ ಸ್ನೇಹಿತನ ಹಗ್ಗವನ್ನೇ ಕೊಯ್ಯುತ್ತಾನೆ ಅಂತ ನಂಬಿ ಅತ್ತೆ ಮೊದಲೇ ದೊಡ್ಡ ಮಗನಿಗೆ ಬರುತ್ತೇನೆ ಅಂತ ಹೇಳಿಕಳಿಸಿಯಾಗಿತ್ತು. ಪೆಟ್ಟಿಗೆ ಕಟ್ಟಿಯಾಗಿತ್ತು. "ಮೂರು ತಿಂಗಳು ಇದ್ದು ಬಂದುಬಿಡ್ತೀನಿ" ಅಂದರು ಅತ್ತೆ. ಸೋಮವಾರ ಬೆಳಿಗ್ಗೆ ಬಸ್ಸು.

ಭಾನುವಾರ ಮಧ್ಯಾಹ್ನ ತಕ್ಕಡಿ ಆ ಪೆಟ್ಟಿಗೆಯ ಮುಂದೆ ನಿಂತು ತೂಗಿದ. ಸುಮ್ಮನಿದ್ದರೆ ಮೂರು ತಿಂಗಳ ನೆಮ್ಮದಿ. ನಿಜ ಹೇಳಿದರೆ ಅತ್ತೆ ಸಿಟ್ಟಾಗಿ ಶಾಶ್ವತವಾಗಿ ಹೋಗುತ್ತಾರೆ, ಇವನ ಎದೆಯ ಮೇಲಿನ ಸುಳ್ಳಿನ ಭಾರವೂ ಇಳಿಯುತ್ತೆ. ಮೇಷ್ಟ್ರ ಸೆಲ್ಯೂಟ್ ನೆನಪಾದಾಗಲೆಲ್ಲ ಅವನಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಸತ್ಯವೂ ಲಾಭವೂ ಒಂದೇ ಕಡೆ ನಿಂತಿದ್ದನ್ನು ಅವನು ಜೀವನದಲ್ಲಿ ಕಂಡದ್ದೇ ಇಲ್ಲ. ಎರಡನೇ ಬಾರಿಗೆ ತೀರ್ಮಾನ ಮಾಡಿದ.

"ಅತ್ತೇ, ನಾನು ಮೇಷ್ಟ್ರನ್ನ ಉಳಿಸಲಿಲ್ಲ. ಅವರನ್ನ ಬೀಳಿಸಬೇಕು ಅಂತಲೇ ಕೊಯ್ದೆ. ಹಗ್ಗ ತಪ್ಪಿತು. ಅಷ್ಟೇ. ನಾನು ಒಳ್ಳೆಯವನಲ್ಲ."

ಅತ್ತೆ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತರು. ಮಗಳನ್ನು ಕೂಗಿದರು.

"ಕೇಳಿಸಿತೇನೇ? ಕೇಳಿಸಿತಾ? ಪ್ರಾಣ ಕೊಟ್ಟದ್ದೂ ಅಲ್ಲದೆ, ಹೊಗಳಿಕೆ ಬೇಡ ಅಂತ ತಮ್ಮ ಮೇಲೆ ತಾವೇ ಕೊಲೆಪಾತಕ ಹೊರಿಸಿಕೊಳ್ತಿದ್ದಾರೆ! ಇಂಥವರನ್ನ ಬಿಟ್ಟು ಎಲ್ಲಿಗೇ ಹೋಗಲಿ ನಾನು? ಅಣ್ಣನಿಗೆ ಹೇಳು, ನಾನು ಬರಲ್ಲ ಅಂತ. ಮೂರು ತಿಂಗಳೂ ಇಲ್ಲ, ಮೂರು ದಿನವೂ ಇಲ್ಲ."

"ಇಲ್ಲ ಅತ್ತೇ, ನಿಜವಾಗ್ಲೂ..."

"ನೋಡು, ಮತ್ತೆ!" ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಪೆಟ್ಟಿಗೆ ಬಿಚ್ಚಲು ಹೋದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನನ್ನು ಮೇಲಿಂದ ಕೆಳಗೆ ಅಳೆದಳು. ಇಡೀ ಊರಿನಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ. "ನನಗೆ ಆಗಲೇ ಗೊತ್ತಿತ್ತು" ಅಂದಳು. "ಒಂದೇ ನಿಮಿಷದಲ್ಲಿ ತೀರ್ಮಾನ ಮಾಡಿದೆ ಅಂದಮೇಲೆ, ಅದು ತಪ್ಪು ತೀರ್ಮಾನವೇ ಆಗಿರಬೇಕು."

ಬಿಚ್ಚಿ ಖಾಲಿ ಮಾಡಿದ ಪೆಟ್ಟಿಗೆಯನ್ನು ಅಟ್ಟದ ಮೇಲಿಡುವ ಕೆಲಸ ತಕ್ಕಡಿಯ ಪಾಲಿಗೇ ಬಂತು. ಸ್ಟೂಲು ಹತ್ತಿ, ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಿಡಿದಿದ್ದಾಗ ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು. ಪ್ರೀತಿ ತುಂಬಿ ತುಳುಕುವ ದನಿ:

"ಅಳಿಯಂದ್ರೇ, ನಿಮಗೆ ಜೀವದ ಮೇಲೆ ಆಸೆ ಇಲ್ಲ, ಗೊತ್ತು. ಆದರೂ ಬೆನ್ನು ನೆಟ್ಟಗೆ ಇಟ್ಕೊಳ್ಳಿ. ಮೊಣಕೈ ಒಳಗೆ. ಹಾಗಲ್ಲ... ಹಾಗೂ ಅಲ್ಲ... ಇಳೀರಿ, ಮೊದಲಿಂದ ಹೇಳಿಕೊಡ್ತೀನಿ."