ತಿರುವಿನ ಹೊಸ ಬೋರ್ಡು

ನಂಜನಾಡು ರಸ್ತೆಯ ತಿರುವಿನ ಬೋರ್ಡಿನಲ್ಲಿ ಮೋಟಾರುಗಳಿಗೆ ಗಂಟೆಗೆ ಹನ್ನೆರಡು ಮೈಲಿ ಎಂದಿದ್ದುದನ್ನು ಅಳಿಸಿ ಇಪ್ಪತ್ತು ಮಾಡಿದ ಪುಣ್ಯಾತ್ಮ ಯಾರೋ, ಅವನ ಕೈ ಸೇದಿಹೋಗಲಿ ಎಂದು ಭೋಜನ್ ಒಂದು ತಿಂಗಳಿಂದ ಶಪಿಸುತ್ತಿದ್ದ. ಬೋರ್ಡು ಹನ್ನೆರಡು ಅಂದಾಗ ಮೋಟಾರುಗಳು ಹದಿನೆಂಟರಲ್ಲಿ ಓಡುತ್ತಿದ್ದವು. ಇಪ್ಪತ್ತು ಅಂದ ಮೇಲೆ ಇಪ್ಪತ್ತೈದಕ್ಕೂ ತೃಪ್ತಿಯಿರಲಿಲ್ಲ.

ಆ ತಿರುವಿನಲ್ಲೇ ಭೋಜನ್‌ನ ಕುಲದವರಾದ ಬಡಗರ ದೇವತೆ ಹೆತ್ತೆಯಮ್ಮನ ಗುಡಿ. ಬಡಗರ ಗಾಡಿ ಅಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಇಳಿದು, ರುಮಾಲು ತೆಗೆದು, ಕೈಮುಗಿದೇ ಹೊರಡಬೇಕು. ಆ ಮಂಗಳವಾರ ಬೆಳಿಗ್ಗೆ ಊಟಿಯ ಸಂತೆಗೆ ಆಲೂಗಡ್ಡೆ ಹೇರಿಕೊಂಡು ಹೊರಟ ಭೋಜನ್ ಕೈಮುಗಿದು ಕಣ್ಣು ಮುಚ್ಚಿದ್ದಷ್ಟೇ, ತಿರುವು ಸುತ್ತಿ ಬಂದ ಬಸ್ಸು ಗಾಡಿಗೆ ಗುದ್ದಿತು. ಮೂಟೆಗಳು ಕಣಿವೆಗೆ ಉರುಳಿದವು. ಬಲಗಡೆಯ ಎತ್ತಿನ ಕೊಂಬು ಮುರಿದು ರಕ್ತ ಸುರಿಯಿತು. ಡ್ರೈವರು ತಲೆ ಹೊರಗೆ ಹಾಕಿ, "ಬೋರ್ಡು ನೋಡಲ್ವಾ? ಇಪ್ಪತ್ತು ಅಂತಿದೆ" ಎಂದು ಗದರಿಸಿ ಹೊರಟೇಹೋದ.

ಭೋಜನ್‌ಗೆ ಮೈಯೆಲ್ಲ ಉರಿಯಿತು. ಆಲೂಗಡ್ಡೆ ಹಾಳಾಗಲಿ, ಆ ಎತ್ತು ಕರುವಿನಿಂದ ಅವನ ಕೈಯಲ್ಲೇ ಬೆಳೆದದ್ದು. ಮುಂದಿನ ಸಂತೆಗೆ ಬಸ್ಸು ಕೊಂಬು ಬಿಟ್ಟು ಕುತ್ತಿಗೆಗೇ ಬರುತ್ತದೆ. ಹಳೆಯ ಹನ್ನೆರಡು ವಾಪಸು ಬರಲೇಬೇಕು.

ಪಕ್ಕದ ಮನೆಯ ಹಾಲನ್ ಊರಿನವರ ವ್ಯಾಜ್ಯವನ್ನೆಲ್ಲ ತನ್ನದೇ ಮಾಡಿಕೊಳ್ಳುವ ಮನುಷ್ಯ. "ತಪ್ಪು ನಮ್ಮ ಗಾಡೀದು ಅಂದ್ಬಿಟ್ರೆ ಕೆಟ್ವಿ. ಗಾಡಿ ನಿಂತಿತ್ತು ಅನ್ನು" ಎಂದ.

"ನಿಂತೇ ಇತ್ತಲ್ಲ ಮಾಮ."

"ಇನ್ನೂ ಜಾಸ್ತಿ ಹೊತ್ತು ನಿಂತಿತ್ತು ಅನ್ನು."

ಇಬ್ಬರೂ ಸೇರಿ ಇಂಗ್ಲಿಷು ಬಲ್ಲ ಶಾಲೆಯ ಮೇಷ್ಟ್ರು ರಂಗನಾಥನ್ ಅವರನ್ನೂ ಹೊರಡಿಸಿದರು. ಬಸ್ಸಿಗೆ ಕಾಲಿಡುವುದಿಲ್ಲ ಎಂದು ಭೋಜನ್ ಹಠ ಹಿಡಿದದ್ದರಿಂದ ಮೂವರೂ ನಡೆದೇ ಊಟಿಯ ರಸ್ತೆ ಇಂಜಿನಿಯರ್ ದೊರೆಯ ಕಚೇರಿ ಸೇರಿದರು.

ದೊರೆ ಹೇಳಿದ್ದನ್ನು ಮೇಷ್ಟ್ರು ಕನ್ನಡ ಮಾಡಿದರು. "ಹನ್ನೆರಡು ಇದ್ದಾಗ ಎಲ್ರೂ ಕಾನೂನು ಮುರೀತಿದ್ರಂತೆ. ಇಪ್ಪತ್ತು ಮಾಡಿದ್ಮೇಲೆ ಮುರಿಯೋರು ಅರ್ಧಕ್ಕೆ ಇಳಿದಿದಾರಂತೆ."

"ಡಿಕ್ಕಿ ಇಳೀತಾ ಕೇಳಿ."

"ಅದು ಮೂರು ಇದ್ದದ್ದು ಏಳಾಗಿದೆ. ಕಾರಣ ಹುಡುಕ್ತಾ ಇದಾರಂತೆ."

"ಕಾರಣ ಬೋರ್ಡಿನ ಮೇಲೇ ಬರ್ದಿದೆ ಅಂತ ಹೇಳಿ ಮೇಷ್ಟ್ರೇ. ಕಣ್ಣಿದ್ರೆ ಬಂದು ಓದ್ಲಿ."

ಮೇಷ್ಟ್ರು ಅದನ್ನು ಮಾತ್ರ ಇಂಗ್ಲಿಷ್ ಮಾಡಲಿಲ್ಲ.

ನಿಮ್ಮ ಗಾಡಿ ಎಷ್ಟು ವೇಗ ಹೋಗುತ್ತದೆ ಎಂದು ದೊರೆ ಕೇಳಿದ. ಭೋಜನ್ ಬಾಯಿ ತೆರೆಯುವ ಮೊದಲೇ ಹಾಲನ್ ಮುಂದೆ ಬಂದ. "ಗಂಟೆಗೆ ಒಂದು ಮೈಲಿ ಸಾಮಿ. ಅದೂ ಇಳಿಜಾರಲ್ಲಿ. ತಿರುವಲ್ಲಂತೂ ಅರ್ಧ ಗಂಟೆ ಅಲುಗಾಡೋದೇ ಇಲ್ಲೆ. ನಮ್ಮ ಗಾಡಿ ಯಾರಿಗೆ ಗುದ್ದೀತು?"

ದೊರೆಯ ಮುಖ ಅರಳಿತು. ಎಲ್ಲವನ್ನೂ ಬರೆಸಿ ಇಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡ. ಇವತ್ತೇ ಕ್ರಮ ತಗೊಳ್ತೀನಿ ಎಂದು ಭೋಜನ್‌ನ ಕೈಯನ್ನೂ ಕುಲುಕಿದ.

ಮೇಷ್ಟ್ರು ಪೇಟೆಯಲ್ಲಿ ಕೆಲಸವಿದೆಯೆಂದು ಉಳಿದರು. ಉಳಿದಿಬ್ಬರು ಸಂಜೆ ತಿರುವಿಗೆ ಬರುವಷ್ಟರಲ್ಲಿ ಇಬ್ಬರು ಕೂಲಿಗಳು ಹೊಸ ಬೋರ್ಡು ನೆಡುತ್ತಿದ್ದರು. ಹದಿನಾಲ್ಕು ವರ್ಷದಿಂದ ಮುರಿದ ಮೋರಿಗೆ ಒಂದು ಕಲ್ಲು ಹಾಕದ ಇಲಾಖೆ ಬೋರ್ಡನ್ನು ಲಾರಿಯಲ್ಲಿ ಓಡಿಸಿಕೊಂಡು ಬಂದಿತ್ತು. ಇಂಗ್ಲಿಷ್ ಅಕ್ಷರ, ಅಂಕಿ ಭೋಜನ್‌ಗೂ ಹಾಲನ್‌ಗೂ ತಿಳಿಯದು, ಕೂಲಿಗಳಿಗೂ ತಿಳಿಯದು. ಆದರೂ ಅವನಿಗೆ ಕಣ್ಣು ತುಂಬಿ ಬಂತು. ಮನೆಯಿಂದ ಅವರಿಗೆ ಕಾಫಿ ತರಿಸಿದ. ಗುಂಡಿ ಆಳ ಸಾಲದೆಂದು ತಾನೇ ಹಾರೆ ಹಿಡಿದು ಇನ್ನೆರಡು ಅಡಿ ತೋಡಿದ. ಕಂಬದ ಸುತ್ತ ದಪ್ಪ ಕಲ್ಲು ತುಂಬಿ ಗುದ್ದಿ ಗುದ್ದಿ ಬಿಗಿ ಮಾಡಿದ.

ಅಷ್ಟರಲ್ಲಿ ಮೇಷ್ಟ್ರು ಬಂದು ಬೋರ್ಡಿನ ಮುಂದೆ ನಿಂತರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

"ಹನ್ನೆರಡೇ ತಾನೆ ಮೇಷ್ಟ್ರೇ?"

"ಹಗಲು ಹೊತ್ತು ಈ ರಸ್ತೇಲಿ ಎತ್ತಿನ ಗಾಡಿ ಬರಕೂಡದು ಅಂತ ಇದೆ ಭೋಜನ್. ಮೋಟಾರು ಇಪ್ಪತ್ತರಲ್ಲಿ ಬರುತ್ತೆ, ಗಾಡಿ ಒಂದರಲ್ಲಿ. ಅದಕ್ಕೇ ಡಿಕ್ಕಿ ಅಂತ ನೀವೇ ಬರೆದುಕೊಟ್ಟ ಹಾಗಾಯ್ತು."

ಹಾಲನ್ ಮೆಲ್ಲಗೆ ಮನೆಯ ಕಡೆ ಹೆಜ್ಜೆ ಹಾಕಿದ. ಭೋಜನ್ ಹಲ್ಲು ಕಡಿದು ಎರಡೂ ಕೈಯಿಂದ ಕಂಬ ತಬ್ಬಿ ಎಳೆದ. ಇದ್ದ ಕೋಪವನ್ನೆಲ್ಲ ಹಾಕಿ ಎಳೆದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನು ನೆಟ್ಟಷ್ಟು ಮನಸ್ಸಿಟ್ಟು ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.